ಸುಳ್ಳು ಹೇಳಿ ಮನುಷ್ಯನಾಗುವ ಗೊಂಬೆ

(ಕೊಪ್ಪಳದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ನೀಡಿದ ಉಪನ್ಯಾಸದ ಬರಹರೂಪ)

ಮಾನ್ಯರೇ,

ಕಿನ್ನಾಳದ ಚಿತ್ರಗಾರರ ಮನೆಯೊಂದರಲ್ಲಿ ಕೆಲ ಕಾಲ ಕೂತವರಿಗೆ ಬಣ್ಣಕ್ಕಿಂತ ಮೊದಲು ಹುಣಸೆ ಬೀಜದ ಅಂಟಿನ ವಾಸನೆ ನೆನಪಿನಲ್ಲಿ ಉಳಿಯುತ್ತದೆ. ಹಗುರವಾದ ಮರದಲ್ಲಿ ಕೈ, ಕಾಲು, ರುಂಡಗಳನ್ನು ಬೇರೆ ಬೇರೆಯಾಗಿ ಕೆತ್ತಿ, ಅಂಟು ಹಾಕಿ ಕೂಡಿಸಿ, ಕಟ್ಟಿಗೆ ಹುಡಿಯನ್ನೂ ಅದೇ ಅಂಟನ್ನೂ ಕಲಸಿದ ‘ಕಿಟ್ಟ’ದಿಂದ ಸಂದುಗಳನ್ನು ಮೆತ್ತಿದ ಮೇಲೆ ಗೊಂಬೆಗೆ ಬಣ್ಣದ ಸರದಿ ಬರುತ್ತದೆ. ನಾನು ಹೋದ ದಿನ ಗೋಡೆಗೆ ಒರಗಿಸಿದ್ದ ಗೊಂಬೆಗೆ ಮೈಯೆಲ್ಲ ಬಣ್ಣವಿತ್ತು, ಕಣ್ಣಿರಲಿಲ್ಲ. ಕಾರಣ ಕೇಳಿದ್ದಕ್ಕೆ ಆ ಮನೆಯ ಹಿರಿಯರು, “ಕಣ್ಣ ಬರಿಯೂತನಕ ಅದು ಬರೇ ಕಟ್ಟಿಗಿ ನೋಡ್ರಿ” ಎಂದರು.

ಈ ಮಾತನ್ನು ಇಲ್ಲಿ ತರುವುದಕ್ಕೆ ಕಾರಣವಿದೆ. ಇಟಲಿಯ ಕಾರ್ಲೊ ಕೊಲ್ಲೋಡಿ ಬರೆದ ಪಿನೋಕಿಯೊ ಕಥೆಯಲ್ಲಿ ಬಡ ಜೆಪೆಟ್ಟೊ ಕೊರಡಿಗೆ ಕಣ್ಣು ಕೆತ್ತಿದ ಕೂಡಲೇ ಆ ಕಣ್ಣುಗಳು ಅವನನ್ನೇ ದಿಟ್ಟಿಸಿ ನೋಡುತ್ತವೆ. ಮೂಗು ಕೆತ್ತಿದರೆ ಅದು ಕತ್ತರಿಸಿದಷ್ಟೂ ಬೆಳೆಯುತ್ತದೆ. ಸುಳ್ಳು ಹೇಳಿದಾಗ ಪಿನೋಕಿಯೊನ ಮೂಗು ಬೆಳೆಯುತ್ತದೆ ಎಂದೇ ಎಲ್ಲರೂ ನೆನಪಿಡುತ್ತಾರೆ, ಆದರೆ ಅಲ್ಲಿಯವರೆಗೆ ಗೊಂಬೆ ಒಂದು ಸುಳ್ಳನ್ನೂ ಹೇಳಿಲ್ಲ ಎಂಬುದನ್ನು ಗಮನಿಸಬೇಕು. ನಾನು ಈ ದಿನ ಮಾತನಾಡಬೇಕಾದ ವಿಡಿಯೋ ಗೇಮ್, ದಕ್ಷಿಣ ಕೊರಿಯಾದ ನಿಯೋವಿಜ್ ಕಂಪನಿಯ ರೌಂಡ್ 8 ಸ್ಟುಡಿಯೋ 2023ರಲ್ಲಿ ಹೊರತಂದ ‘ಲೈಸ್ ಆಫ್ ಪಿ’, ಈ ಗೊಂಬೆಯ ಕಥೆಯನ್ನೇ ರಕ್ತ, ಬೂದಿ, ತುಕ್ಕುಗಳ ನಡುವೆ ಮತ್ತೆ ಹೇಳುತ್ತದೆ. ಬಿಡುಗಡೆಗೆ ಮೊದಲೇ, 2022ರ ಗೇಮ್ಸ್‌ಕಾಮ್ ಎಂಬ ವಿಡಿಯೋ ಗೇಮ್ ಮೇಳದಲ್ಲಿ ಅದಕ್ಕೆ ಅತ್ಯುತ್ತಮ ಆಕ್ಷನ್ ಅಡ್ವೆಂಚರ್ ಆಟ ಎಂಬ ಪ್ರಶಸ್ತಿಯೂ ಬಂದಿತ್ತು. ಅದನ್ನು ನೋಡಿದ ಹಲವರು ‘ಮಕ್ಕಳ ಕಥೆಯನ್ನು ಕೆಡಿಸಿದರು’ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ.

ಕಥೆ 1881ರ ಜುಲೈನಿಂದ ಮಕ್ಕಳ ವಾರಪತ್ರಿಕೆಯೊಂದರಲ್ಲಿ ಕಂತುಗಳಾಗಿ ಬರತೊಡಗಿತು. ಬುದ್ಧಿವಾದ ಹೇಳಿದ ಮಾತನಾಡುವ ಮಿಡತೆಗೆ ಪಿನೋಕಿಯೊ ಕಟ್ಟಿಗೆಯ ಸುತ್ತಿಗೆ ಎಸೆಯುತ್ತಾನೆ, ಅದು ಗೋಡೆಗೆ ಅಂಟಿಕೊಂಡು ಸಾಯುತ್ತದೆ. ಚಳಿಗೆ ಅಗ್ಗಿಷ್ಟಿಕೆಯ ಮೇಲೆ ಕಾಲಿಟ್ಟು ಮಲಗಿದವನ ಪಾದಗಳು ಬೆಳಗಾಗುವುದರೊಳಗೆ ಸುಟ್ಟು ಬೂದಿಯಾಗುತ್ತವೆ. ಹದಿನೈದನೆಯ ಅಧ್ಯಾಯದಲ್ಲಿ ನರಿಯೂ ಬೆಕ್ಕೂ ವೇಷ ಮರೆಸಿಕೊಂಡು ಬಂದು ಅವನನ್ನು ಓಕ್ ಮರಕ್ಕೆ ನೇಣು ಹಾಕುತ್ತವೆ. ಕೊಲ್ಲೋಡಿ ಕಥೆಯನ್ನು ಅಲ್ಲಿಗೇ ಮುಗಿಸಿದ್ದ. ನಾಯಕ ನೇಣಿನಲ್ಲಿ, ಕಥೆ ಮುಕ್ತಾಯ! ಓದುಗ ಮಕ್ಕಳು ಸುಮ್ಮನಿರಲಿಲ್ಲವಾದ್ದರಿಂದ 1882ರಲ್ಲಿ ಕಂತುಗಳು ಮತ್ತೆ ಶುರುವಾಗಿ, 1883ರಲ್ಲಿ ಮೂವತ್ತಾರು ಅಧ್ಯಾಯಗಳ ಪುಸ್ತಕ ಬಂತು. ನಮಗೆಲ್ಲ ಪರಿಚಯವಿರುವ ಗುಂಡು ಮುಖದ ಮುದ್ದು ಪಿನೋಕಿಯೊ 1940ರ ಡಿಸ್ನಿ ಚಿತ್ರದವನು. ಕೊರಿಯಾದವರು ಕಥೆಗೆ ಮಸಿ ಬಳಿಯಲಿಲ್ಲ. ಮೇಲಿನ ಸಕ್ಕರೆ ಪಾಕವನ್ನು ಕೆರೆದು ತೆಗೆದರು, ಅಷ್ಟೇ.

ಗೊಂಬೆಯ ಕಥೆಯೆಂದರೆ ಕತ್ತಲೆಯಿರಬಾರದು ಎಂಬ ನಿಯಮ ನಮ್ಮ ಸೀಮೆಯಲ್ಲೂ ಇರಲಿಲ್ಲ. ಈ ಜಿಲ್ಲೆಯ ಮೊರನಾಳದ ತೊಗಲುಗೊಂಬೆ ಕಲಾವಿದೆ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ತೊಗಲುಗೊಂಬೆಯ ಪರದೆಯ ಹಿಂದೆ ದೀಪ ಹಚ್ಚಿದಾಗ ಅಲ್ಲಿ ಬರುತ್ತಿದ್ದುದು ಲಂಕಾದಹನ, ಯುದ್ಧ, ರಾಕ್ಷಸರ ಸಾವು. ನಡುನಡುವೆ ಬಾಯಿಗೆ ಬಂದದ್ದನ್ನು ಆಡುವ ಕಿಳ್ಳೇಕ್ಯಾತ. ಮುಂದಿನ ಸಾಲಿನಲ್ಲಿ ಕೌದಿ ಹೊದ್ದು ಕೂತಿರುತ್ತಿದ್ದವರು ಮಕ್ಕಳೇ.

ಆಟಕ್ಕೆ ಬರೋಣ. ಕ್ರಾಟ್ ಎಂಬ ನಗರದಲ್ಲಿ ಮನೆಗೆಲಸ, ಕಾವಲು, ಎಲ್ಲವನ್ನೂ ಮಾಡುತ್ತಿದ್ದ ಯಂತ್ರಗೊಂಬೆಗಳು ಒಮ್ಮೆಲೇ ತಿರುಗಿಬಿದ್ದು ಮನುಷ್ಯರನ್ನು ಕೊಂದಿವೆ; ಉಳಿದವರನ್ನು ಮೈ ಕಲ್ಲಾಗುವ ರೋಗ ತಿನ್ನುತ್ತಿದೆ. ರೈಲು ನಿಲ್ದಾಣದ ಬೋಗಿಯೊಂದರಲ್ಲಿ ಆಟದ ನಾಯಕನಾದ ಗೊಂಬೆ ‘ಪಿ’ ಎಚ್ಚರಗೊಳ್ಳುತ್ತಾನೆ. ಸೊಂಟದ ಲಾಂದ್ರದಲ್ಲಿ ಜೆಮಿನಿ ಎಂಬ ಮಿಡತೆಯಿದೆ, ಎಡಗೈ ಯಂತ್ರದ್ದು, ಕತ್ತಿಯ ಅಲಗನ್ನೂ ಹಿಡಿಯನ್ನೂ ಬಿಚ್ಚಿ ಬೇರೆಯದಕ್ಕೆ ಜೋಡಿಸಬಹುದು. ಕಾದಾಟ ಕಠಿಣ, ಬಾಸ್ ಎಂದು ಕರೆಯುವ ಒಬ್ಬೊಬ್ಬ ದೊಡ್ಡ ಎದುರಾಳಿಯ ಮುಂದೆ ಹತ್ತಾರು ಸಲ ಸತ್ತು ಕಲಿಯಬೇಕು. ಆ ಭಾಗವನ್ನು ನಿಮ್ಮಲ್ಲಿ ಹಲವರು ನನಗಿಂತ ಚೆನ್ನಾಗಿ ಬಲ್ಲಿರಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಆ ನಗರದ ಗೊಂಬೆಗಳಿಗೆ ನಾಲ್ಕು ಕಟ್ಟಳೆಗಳಿವೆ, ಅವುಗಳಲ್ಲಿ ನಾಲ್ಕನೆಯದು ಗೊಂಬೆ ಸುಳ್ಳು ಹೇಳಲಾರದು ಎಂಬುದು. ಪಿ ಮಾತ್ರ ಹೇಳಬಲ್ಲ. ನಮ್ಮ ಅಕ್ಕನ ಮಗ ಆಡುತ್ತಿದ್ದಾಗ ನಾನು ಪಕ್ಕದಲ್ಲಿ ಕೂತಿದ್ದೆ. ಆಶ್ರಯವಾಗಬೇಕಾದ ಹೋಟೆಲಿನ ಬಾಗಿಲಲ್ಲಿ, ನೀನು ಮನುಷ್ಯನೋ ಗೊಂಬೆಯೋ ಎಂಬ ಪ್ರಶ್ನೆ ಬಂತು. ಅವನು ಪ್ರಾಮಾಣಿಕವಾಗಿ ಗೊಂಬೆ ಎಂದ. ಬಾಗಿಲು ಅಲುಗಲಿಲ್ಲ. “ಮಾಮಾ, ಇಲ್ಲೆ ಖರೇ ಹೇಳಿದ್ರ ಒಳಗ ಬಿಡಂಗಿಲ್ಲ ನೋಡು” ಎಂದು ನಕ್ಕು, ಮನುಷ್ಯ ಎಂದು ಒತ್ತಿದ. ತೆರೆಯಿತು.

ಇನ್ನೊಂದು ಕಡೆ ಕಿಟಕಿಯ ಒಳಗಿನಿಂದ ರೋಗದ ಹೆಂಗಸೊಬ್ಬಳು ಅಳುತ್ತ, ಕಳೆದುಹೋದ ತನ್ನ ಕೂಸನ್ನು ಹುಡುಕಿ ತರಲು ಬೇಡಿಕೊಳ್ಳುತ್ತಾಳೆ. ಹುಡುಕಿದರೆ ಸಿಗುವುದು ಒಂದು ಮುರಿದ ಗೊಂಬೆಮರಿ. ತಂದು ಕೊಟ್ಟಾಗ ಆಕೆಗೆ ಅದು ಗೊಂಬೆಯೆಂದು ತಿಳಿಯುವುದೇ ಇಲ್ಲ, ಕೂಸು ಎಷ್ಟು ಚೆಂದವಿದೆ ಎಂದು ನಮ್ಮನ್ನೇ ಕೇಳುತ್ತಾಳೆ. ಎರಡೇ ಉತ್ತರಗಳು: ಚೆಂದದ ಕೂಸು ಎನ್ನಬೇಕು, ಇಲ್ಲವೇ ಇದು ಬರೀ ಗೊಂಬೆ ಎನ್ನಬೇಕು. ಅಷ್ಟು ಹೊತ್ತು ಪಟಪಟ ಗುಂಡಿ ಒತ್ತುತ್ತಿದ್ದ ಹುಡುಗನ ಹೆಬ್ಬೆರಳು ಅಲ್ಲಿ ನಿಂತಿತು. ಸುಳ್ಳನ್ನೇ ಆರಿಸಿದ. ಇಂಥ ಸುಳ್ಳುಗಳಾದ ಮೇಲೆ, ಎದೆಯ ಸ್ಪ್ರಿಂಗುಗಳು ಸ್ಪಂದಿಸುತ್ತಿವೆ ಎಂಬರ್ಥದ ಒಂದು ಸಾಲು ಪರದೆಯ ಮೇಲೆ ಮೂಡುತ್ತದೆ. ಸುಳ್ಳು ಕೂಡಿದಂತೆಲ್ಲ ಪಿ ಮನುಷ್ಯತ್ವಕ್ಕೆ ಹತ್ತಿರವಾಗುತ್ತಾನೆ, ಅವನ ಕೂದಲು ಬೆಳೆಯುತ್ತದೆ. ಮೂಗು ಮಾತ್ರ ಬೆಳೆಯುವುದಿಲ್ಲ; ಅದು ಬೆಳೆಯುವುದು ಹೋಟೆಲಿನಲ್ಲಿ ತೂಗುಹಾಕಿದ ಹುಡುಗನ ಭಾವಚಿತ್ರದಲ್ಲಿ. ಮೂಲಕಥೆಯ ಶಿಕ್ಷೆಯನ್ನು ಮುಖದಿಂದ ಕಿತ್ತು ಗೋಡೆಗೆ ಹಚ್ಚಿದ ಈ ಒಂದು ಉಪಾಯಕ್ಕಾಗಿ ನಾನು ಆ ಸ್ಟುಡಿಯೋದವರ ಎಷ್ಟೋ ತಪ್ಪುಗಳನ್ನು ಮನ್ನಿಸಬಲ್ಲೆ.

ಪುಣ್ಯಕೋಟಿಯ ಕಥೆ ಕೇಳಿ ಬೆಳೆದ ನಮಗೆ ಇದು ಕಸಿವಿಸಿಯ ಸಂಗತಿ. ಅಲ್ಲಿ ಆಕಳು ಕೊಟ್ಟ ಮಾತಿಗೆ ತಪ್ಪದೆ ಮರಳಿ ಬರುತ್ತದೆ, ಆ ಸತ್ಯದ ಮುಂದೆ ನಿಲ್ಲಲಾರದೆ ಹುಲಿಯೇ ಪ್ರಾಣ ಬಿಡುತ್ತದೆ. ಇಲ್ಲಿ ಸತ್ಯ ಹೇಳುವುದು ಯಂತ್ರದ ಲಕ್ಷಣ, ಏಕೆಂದರೆ ಅದಕ್ಕೆ ಬೇರೆ ದಾರಿಯಿಲ್ಲ. ಪುಣ್ಯಕೋಟಿಗೆ ಬೇರೆ ದಾರಿಯಿತ್ತು. ದೊಡ್ಡಿಯಲ್ಲೇ ಕರುವಿನ ಹತ್ತಿರ ಉಳಿಯಬಹುದಿತ್ತು. ಹಾಗೆ ನೋಡಿದರೆ ಎರಡೂ ಕಥೆಗಳು ಮೇಲ್ನೋಟಕ್ಕೆ ಕಂಡಷ್ಟು ದೂರವಿಲ್ಲ. ಆದರೂ ನನ್ನದೊಂದು ಆಕ್ಷೇಪವಿದೆ. ಕಿಟಕಿಯ ಹೆಂಗಸಿಗೆ ಹೇಳಿದ ಕರುಣೆಯ ಸುಳ್ಳಿಗೂ ಬಾಗಿಲು ತೆರೆಸಿಕೊಳ್ಳಲು ಹೇಳಿದ ಸ್ವಾರ್ಥದ ಸುಳ್ಳಿಗೂ ಆಟ ಹೆಚ್ಚು ಭೇದವೆಣಿಸುವುದಿಲ್ಲ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಪೇಟೆಯಲ್ಲಿ ಭತ್ತದ ತೂಕದಲ್ಲಿ ಸುಳ್ಳು ಹೇಳುವವನಿಗೂ ಕೂದಲು ಬೆಳೆದೀತು!

ಕೊನೆಯ ಭಾಗವನ್ನು ಹೇಳಲೇಬೇಕಾಗಿದೆ. ಇನ್ನೂ ಆಡದವರು ಬೇಕಿದ್ದರೆ ಕಿವಿ ಮುಚ್ಚಿಕೊಳ್ಳಬಹುದು. ಕೊಲ್ಲೋಡಿಯ ಕಥೆಯಲ್ಲಿ ಪಿನೋಕಿಯೊ ದುಡಿದು ಮುದಿ ತಂದೆಯನ್ನು ಸಾಕಿ, ಒಂದು ಬೆಳಿಗ್ಗೆ ನಿಜವಾದ ಹುಡುಗನಾಗಿ ಏಳುತ್ತಾನೆ. ಅವನ ಹಳೆಯ ಕಟ್ಟಿಗೆಯ ಮೈ ಕುರ್ಚಿಗೆ ಒರಗಿಕೊಂಡಿರುತ್ತದೆ, ತಲೆ ವಾಲಿ, ತೋಳು ಜೋತು. ಹುಡುಗ ಅದನ್ನು ನೋಡಿ, ಗೊಂಬೆಯಾಗಿದ್ದಾಗ ಎಷ್ಟು ನಗೆಪಾಟಲಾಗಿದ್ದೆ ಎಂದುಕೊಳ್ಳುತ್ತಾನೆ. ಆ ಖಾಲಿ ಮೈಯ ಬಗ್ಗೆ ಕಥೆ ಮುಂದೆ ಏನೂ ಹೇಳುವುದಿಲ್ಲ.

ಆಟದಲ್ಲಿ ಅಂಥದೇ ಒಂದು ಖಾಲಿ ಮೈ ಕಾಯುತ್ತಿದೆ. ಜೆಪೆಟ್ಟೊ ತೀರಿಹೋದ ತನ್ನ ಮಗನನ್ನು ಬದುಕಿಸಿಕೊಳ್ಳಲು ಹೆಸರಿಲ್ಲದ ಗೊಂಬೆಯೊಂದನ್ನು ಸಿದ್ಧಮಾಡಿಟ್ಟಿದ್ದಾನೆ. ಆ ಮಗನ ಹೆಸರು ಕಾರ್ಲೊ, ಮೂಲ ಲೇಖಕನ ಹೆಸರೇ. ಗೊಂಬೆಯ ಎದೆಗೆ ಹಾಕಲು ಬೇಕಾದದ್ದು ಪಿಯ ಹೃದಯ. ಕೊಟ್ಟರೆ, ಅಪ್ಪನ ಮಾತು ಕೇಳಿದ ಒಳ್ಳೆಯ ಮಗನ ಕಥೆಗೆ ಬರುವ ಅಂತ್ಯವೇ ಅತ್ಯಂತ ಭೀಕರವಾದದ್ದು: ಹೋಟೆಲಿನಲ್ಲಿ ಪರಿಚಿತರಾಗಿದ್ದವರೆಲ್ಲರ ಜಾಗದಲ್ಲಿ ಗೊಂಬೆಗಳು. ಕೊಡದಿದ್ದರೆ ಆ ಹೆಸರಿಲ್ಲದ ಗೊಂಬೆ ಎದ್ದು ಕಾದಾಟಕ್ಕೆ ನಿಲ್ಲುತ್ತದೆ. ಕುರ್ಚಿಯ ಮೇಲೆ ಬಿಟ್ಟುಹೋದ ಕಟ್ಟಿಗೆಯ ಮೈಯೇ ನೂರನಲವತ್ತು ವರ್ಷಗಳ ನಂತರ ಎದ್ದು ಬಂದಿದೆ ಎಂದು ನನಗೆ ಅನ್ನಿಸಿತು. ಇದು ನನ್ನ ಓದು, ತಯಾರಿಸಿದವರ ಮಾತಲ್ಲ.

ನಮ್ಮ ಹುಡುಗ ಆ ಪ್ರಶ್ನೆ ಬಂದಾಗ ಕಂಟ್ರೋಲರನ್ನು ತೊಡೆಯ ಮೇಲಿಟ್ಟು, “ಅಪ್ಪ ಕೇಳಿದ್ರ ಇಲ್ಲ ಅನ್ನಾಕ ಬರತೈತೇನು ಮಾಮಾ?” ಎಂದ. ಒಳಗಿನಿಂದ ಅಕ್ಕ ಊಟಕ್ಕೆ ಕರೆಯುತ್ತಿದ್ದಳು. ಅವನು ಆಟವನ್ನು ಹಾಗೆಯೇ ಬಿಟ್ಟು ಎದ್ದು ಹೋದ. ಪರದೆಯ ಮೇಲೆ ಜೆಪೆಟ್ಟೊ ಉತ್ತರಕ್ಕಾಗಿ ಕಾಯುತ್ತಲೇ ಇದ್ದ.