ಸವೆದ ಹಲ್ಲು, ಬಿಡದ ಬೋಲ್ಟು

ಕೇಳುಗರಿಗೆ ನಮಸ್ಕಾರ.

ರಸ್ತೆ ಕೆಲಸ ನಡೆಯುವಾಗ ಗ್ರೇಡರ್ ನೋಡಿರುತ್ತೀರಿ. ಉದ್ದನೆಯ ಗಾಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ, ಹೊಟ್ಟೆಯ ಕೆಳಗೆ, ಬಾಗಿದ ದೊಡ್ಡ ಉಕ್ಕಿನ ಹಲಗೆಯೊಂದು ಓರೆಯಾಗಿ ನಿಂತು ಮಣ್ಣು ಹೆರೆಯುತ್ತಾ ಹೋಗುತ್ತದೆ. ಅದೇ ಬ್ಲೇಡು. ಆದರೆ ಆ ಹಲಗೆ ಮಣ್ಣನ್ನು ಉರುಳಿಸಿ ಪಕ್ಕಕ್ಕೆ ತಳ್ಳುತ್ತದೆ ಅಷ್ಟೇ. ನೆಲಕ್ಕೆ ಬಾಯಿ ಹಾಕುವುದು ಅದರ ತಳದಂಚಿಗೆ ಬೋಲ್ಟು ಹಾಕಿ ಕೂರಿಸಿದ ಬೇರೆಯದೇ ಪಟ್ಟಿ. ಕಟಿಂಗ್ ಎಡ್ಜ್ ಅಂತ ಕರೆಯುತ್ತಾರೆ. ನೇಗಿಲಿಗೆ ಗುಳ ಇದ್ದ ಹಾಗೆ. ಗುಳ ಸವೆಯಿತು ಅಂತ ಯಾರೂ ನೇಗಿಲು ಬಿಸಾಡುವುದಿಲ್ಲ ಅಲ್ವಾ?

ಅಂದರೆ ಇದು ಸವೆಯಲೆಂದೇ ಮಾಡಿದ ಭಾಗ. ಅಗ್ಗದ ಪಟ್ಟಿ ಸವೆದು ದುಬಾರಿ ಹಲಗೆಯನ್ನು ಉಳಿಸಬೇಕು. ಹೊತ್ತಿಗೆ ಸರಿಯಾಗಿ ಬದಲಾಯಿಸದಿದ್ದರೆ ಹಲಗೆಯೇ ಸವೆಯಲು ಶುರುವಾಗುತ್ತದೆ, ಬೋಲ್ಟು ಕೂರುವ ತೂತುಗಳು ಹಾಳಾಗುತ್ತವೆ, ಆಮೇಲೆ ಆಗುವ ಖರ್ಚು ಪಟ್ಟಿಯದ್ದಲ್ಲ, ಬ್ಲೇಡಿನದು. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ತಡ ಮಾಡುತ್ತಾರೆ. ಸೋಮಾರಿತನ ಅಂತ ಸುಮ್ನೆ ಬೈಯುವುದು ಸುಲಭ. ನನಗೆ ತಪ್ಪು ಕಾಣಿಸುವುದು ನಮ್ಮಲ್ಲಿ, ಅಂದರೆ ಇವನ್ನು ಡಿಸೈನ್ ಮಾಡುವವರಲ್ಲಿ. ನಾವು ಹೊಸ ಪಟ್ಟಿ ಹೇಗೆ ಕೂರುತ್ತದೆ ಅಂತ ಚಿತ್ರ ಬರೆಯುತ್ತೇವೆ. ಹಳೆಯದು ಹೇಗೆ ಬಿಡುತ್ತದೆ ಅಂತ ಬರೆಯುವುದಿಲ್ಲ.

ಒಂದು ಲೆಕ್ಕ ನೋಡಿ. 7 ಅಡಿ ಉದ್ದ, 8 ಅಂಗುಲ ಅಗಲ, ಮುಕ್ಕಾಲು ಅಂಗುಲ ದಪ್ಪದ ಉಕ್ಕಿನ ಪಟ್ಟಿ ಸುಮಾರು 65 ಕೆಜಿ ತೂಗುತ್ತದೆ. ಒಬ್ಬರು ಎತ್ತಿ ಹಿಡಿದುಕೊಂಡೇ ತೂತಿಗೆ ತೂತು ಕೂರಿಸಿ ಬೋಲ್ಟು ತುರುಕುವ ಮಾತಲ್ಲ. ಅದೂ ನೆಲದ ಹತ್ತಿರ, ಬಗ್ಗಿಕೊಂಡು. ಬ್ಲೇಡನ್ನು ಎತ್ತಿ, ಕೆಳಗೆ ಗಟ್ಟಿ ಆಸರೆ ಕೊಟ್ಟು, ಇಂಜಿನ್ ನಿಲ್ಲಿಸಿದ ಮೇಲೆಯೇ ಕೈ ಹಾಕಬೇಕು. ಬ್ಲೇಡನ್ನು ಎತ್ತಿ ಹಿಡಿಯುವ ಹೈಡ್ರಾಲಿಕ್ ನಂಬಿ ಕೆಳಗೆ ಕೈಯೋ ಕಾಲೋ ಇಟ್ಟರೆ ಕಥೆ ಮುಗಿಯಿತು.

ಇನ್ನು ಬೋಲ್ಟು. ಇದರ ತಲೆ ಪಟ್ಟಿಯ ಒಳಗೆ ಇಳಿದು ಕೂರುತ್ತದೆ, ಮಣ್ಣಿಗೆ ಸಿಕ್ಕಿ ಸವೆಯದಿರಲಿ ಅಂತ. ತಲೆಯ ಕೆಳಗೆ ಚೌಕನೆಯ ಕತ್ತು, ನಟ್ಟು ತಿರುಗಿಸುವಾಗ ಬೋಲ್ಟೂ ಜೊತೆಗೆ ತಿರುಗದಿರಲಿ ಅಂತ. ಒಳ್ಳೆಯ ಉಪಾಯವೇ. ಆದರೆ ಪಟ್ಟಿ ಪೂರ್ತಿ ಸವೆಯುವ ಹೊತ್ತಿಗೆ ತಲೆಯೂ ಸವೆದಿರುತ್ತದೆ, ಚೌಕ ತೂತು ಅರ್ಧ ಗುಂಡಗಾಗಿರುತ್ತದೆ, ಹಿಂದುಗಡೆ ನಟ್ಟಿನ ತಿರುಪಿಗೆ ತುಕ್ಕು ಹಿಡಿದು ಮೇಲೆ ಮಣ್ಣು ಗಾರೆಯ ಹಾಗೆ ಗಟ್ಟಿಯಾಗಿರುತ್ತದೆ. ಸ್ಪ್ಯಾನರ್ ಹಾಕಿದರೆ ನಟ್ಟು ಬೋಲ್ಟು ಎರಡೂ ಸೇರಿ ಗಿರಗಿರ ತಿರುಗುತ್ತವೆ. ಕೊನೆಗೆ ಗ್ಯಾಸ್ ಕಟಿಂಗ್ ಮಾಡಬೇಕು.

ಇದಕ್ಕೆ ಒಂದು ದಾರಿ, ಉದ್ದ ಪಟ್ಟಿಯ ಬದಲು ಚಿಕ್ಕ ಚಿಕ್ಕ ತುಂಡು. ಒಂದೊಂದನ್ನೂ ಒಬ್ಬರೇ ಎತ್ತಬಹುದು. ಬ್ಲೇಡು ಎಲ್ಲಾ ಕಡೆ ಒಂದೇ ಸಮ ಸವೆಯುವುದೂ ಇಲ್ಲ. ಮುಂದುಗಡೆ ಬ್ಲೇಡಿಟ್ಟು ಮಣ್ಣು ತಳ್ಳುವ ಡೋಜರ್‌ನಲ್ಲಿ ಎರಡು ಮೂಲೆಗಳು ಬೇಗ ಹೋಗುತ್ತವೆ, ಅದಕ್ಕೇ ಅಲ್ಲಿ ಮೂಲೆಗೆ ಬೇರೆ ತುಂಡು, ನಡುವಿಗೆ ಬೇರೆ ಪಟ್ಟಿ ಇರುತ್ತದೆ. ನಡುವಿನ ಪಟ್ಟಿಗೆ ಎರಡೂ ಕಡೆ ಬಾಯಿ ಇರುವುದರಿಂದ ಒಂದು ಕಡೆ ಸವೆದರೆ ಮಗುಚಿ ಹಾಕಬಹುದು. ಜಾಸ್ತಿ ಸವೆದದ್ದನ್ನು ಮಾತ್ರ ತೆಗೆದರೆ ಸಾಕು.

ಇನ್ನೊಂದು ದಾರಿ ಹಲ್ಲು. ಮಣ್ಣು ಅಗೆಯುವ ಯಂತ್ರದ ಬಕೆಟ್ಟಿನ ಬಾಯಲ್ಲಿ ಇರುತ್ತವಲ್ಲ, ಆ ಥರ. ಬಕೆಟ್ಟಿಗೆ ಅಡಾಪ್ಟರ್ ಅನ್ನುವ ಮೂಗಿನಂಥ ಭಾಗವನ್ನು ವೆಲ್ಡ್ ಮಾಡಿರುತ್ತಾರೆ, ಅದರ ಮೇಲೆ ಹಲ್ಲನ್ನು ಟೋಪಿಯ ಹಾಗೆ ಸಿಕ್ಕಿಸಿ ಅಡ್ಡ ಒಂದು ಪಿನ್ನು ಹೊಡೆಯುತ್ತಾರೆ. ಇಲ್ಲಿ ತುಂಬಾ ಜನ ಎಡವುವ ಜಾಗ ಅಂದರೆ, ಆ ಪಿನ್ನು ಭಾರ ಹೊರಬಾರದು. ಕಲ್ಲಿಗೆ ಗುದ್ದಿದ ಏಟು ಹಲ್ಲಿನಿಂದ ನೇರ ಮೂಗಿನ ಮೇಲೆ ಹೋಗಬೇಕು. ಹಲ್ಲು ಜಾರಿ ಬೀಳದಂತೆ ತಡೆಯುವುದಷ್ಟೇ ಪಿನ್ನಿನ ಕೆಲಸ. ಪಿನ್ನಿಗೆ ಏಟು ಬೀಳುವ ಹಾಗೆ ಮಾಡಿಟ್ಟರೆ ಅದು ಒಳಗೇ ಬಾಗುತ್ತದೆ. ಬಾಗಿದ ಪಿನ್ನು ತೆಗೆದವರಿಗೇ ಗೊತ್ತು ಅದರ ಕಷ್ಟ. ಗಟ್ಟಿ ಉಕ್ಕಿನ ಪಿನ್ನಿಗೆ ಗಟ್ಟಿ ಸುತ್ತಿಗೆಯಿಂದ ಹೊಡೆದಾಗ ಚೂರು ಸಿಡಿದು ಕಣ್ಣಿಗೆ ಬೀಳುವ ಅಪಾಯ ಬೇರೆ. ಸುತ್ತಿಗೆಯೇ ಬೇಡ, ಸ್ವಲ್ಪ ತಿರುಗಿಸಿದರೆ ಬಿಡುವ ಲಾಕ್ ಸಾಕು ಅನ್ನುವ ಹಲ್ಲುಗಳು ಬಂದದ್ದು ಹೆಚ್ಚಾಗಿ ಇದೇ ಕಾರಣಕ್ಕೆ.

ಮೂಗಿನ ಇಳಿಜಾರು ಎಷ್ಟಿರಬೇಕು ಅನ್ನುವುದೂ ಸೂಕ್ಷ್ಮದ ವಿಷಯ. ಕೊಡಲಿಗೆ ಬೆಣೆ ಹೊಡೆಯುತ್ತೇವಲ್ಲ, ತೆಳ್ಳಗಿನ ಬೆಣೆ ಕಚ್ಚಿಕೊಂಡು ನಿಲ್ಲುತ್ತದೆ, ದಪ್ಪನೆಯದು ಹಾರಿಹೋಗುತ್ತದೆ. ಉಕ್ಕಿನ ಮೇಲೆ ಉಕ್ಕಿನ ಘರ್ಷಣೆಯ ಗುಣಾಂಕ ಸುಮಾರು 0.15 ಅಂತ ಹಿಡಿದರೆ ಗಡಿ ಬರುವುದು 8 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕಿಂತ ಕಡಿಮೆ ಇಳಿಜಾರು ಕೊಟ್ಟರೆ ಹಲ್ಲು ತಾನಾಗಿ ಕಚ್ಚಿಕೊಳ್ಳುತ್ತದೆ, ದಿನವಿಡೀ ಗುದ್ದಿಸಿಕೊಂಡು ಇನ್ನೂ ಒಳಗೆ ಹೋಗುತ್ತದೆ, ಆಮೇಲೆ ದೇವರೇ ಗತಿ. ಹೆಚ್ಚು ಕೊಟ್ಟರೆ ಬಿಡಿಸುವುದು ಸುಲಭ, ಆದರೆ ಲಾಕ್ ಚೆನ್ನಾಗಿರಲೇಬೇಕು.

ಗ್ರೇಡರ್ ಬ್ಲೇಡಿಗೆ ನನಗೆ ಎಲ್ಲಕ್ಕಿಂತ ಇಷ್ಟ ತಿರುಗುವ ಹಲ್ಲು. ತಳದಂಚಿಗೆ ಸಾಲಾಗಿ ಗುಂಡು ತೂತುಗಳಿರುವ ದಪ್ಪ ಪಟ್ಟಿ ಕೂರಿಸಿ, ಒಂದೊಂದು ತೂತಿಗೂ ಮೊನಚು ತುದಿಯ ಹಲ್ಲು ಸಿಕ್ಕಿಸುತ್ತಾರೆ. ಸ್ಪ್ರಿಂಗಿನ ಉಂಗುರ ಅದನ್ನು ಹಿಡಿದಿರುತ್ತದೆ. ತುದಿಯಲ್ಲಿ ಟಂಗ್‌ಸ್ಟನ್ ಕಾರ್ಬೈಡಿನ ಚೂರು. ಅದು ಬಲು ಗಟ್ಟಿ, ಆದರೆ ಪೆಡಸು, ಏಟಿಗೆ ಒಡೆಯುತ್ತದೆ, ಹಾಗಾಗಿ ಸುತ್ತ ಏಟು ತಾಳುವ ಉಕ್ಕಿನ ಮೈ ಬೇಕು. ಬ್ಲೇಡು ಓರೆಯಾಗಿ ಓಡುವುದರಿಂದ ಮಣ್ಣು ಹಲ್ಲಿನ ಒಂದು ಪಕ್ಕಕ್ಕೆ ತಾಗಿ ಅದನ್ನು ಇಷ್ಟಿಷ್ಟೇ ತಿರುಗಿಸುತ್ತಾ ಹೋಗುತ್ತದೆ. ಸುತ್ತಲೂ ಸಮ ಸವೆದು ಮೊನಚು ಉಳಿಯುತ್ತದೆ. ತೂತು ತೀರಾ ಬಿಗಿಯಾಗಿದ್ದು ನುಣ್ಣನೆಯ ಧೂಳು ತುಂಬಿಕೊಂಡರೆ ತಿರುಗುವುದು ನಿಲ್ಲುತ್ತದೆ, ಒಂದೇ ಪಕ್ಕ ಚಪ್ಪಟೆಯಾಗಿ ಹಲ್ಲು ದಂಡ. ಆ ತೂತು ಆಚೆಗೂ ತೆರೆದಿರಬೇಕು. ಧೂಳು ಉದುರಲು ಒಂದು ಕಾರಣ, ಸವೆದ ಹಲ್ಲನ್ನು ಹಿಂದಿನಿಂದ ತಟ್ಟಿ ಬೀಳಿಸಲು ಇನ್ನೊಂದು.

ಹಿಂದೊಮ್ಮೆ ಹಲ್ಲನ್ನು ಹಿಡಿದಿಡುವ ಇಂಥದ್ದೇ ಒಂದು ಜೋಡಣೆಯನ್ನು ನಾನು ಬಹಳ ಹೆಮ್ಮೆಯಿಂದ ಮಾಡಿದ್ದೆ. ಮೇಜಿನ ಮೇಲೆ ಎರಡು ಬೆರಳಲ್ಲಿ ಬಿಚ್ಚುತ್ತಿತ್ತು. ಜೊತೆಗಿದ್ದ ಹಿರಿಯ ಫಿಟ್ಟರ್ ಏನೂ ಅನ್ನಲಿಲ್ಲ. ಅದರ ಸಂದಿಗೆಲ್ಲ ಹಸಿ ಜೇಡಿಮಣ್ಣು, ಸ್ವಲ್ಪ ಸಿಮೆಂಟು ಮೆತ್ತಿ ಹೊರಗೆ ಬಿಸಿಲಿಗೆ ಇಟ್ಟುಬಿಟ್ಟರು. ವಾರ ಬಿಟ್ಟು ತಂದುಕೊಟ್ಟು, "ಈಗ ಬಿಚ್ಚಿ ಸಾರ್" ಅಂದರು. ಅರ್ಧ ಗಂಟೆ ಒದ್ದಾಡಿದೆ. ಆಗ ಅವರು ಕೇಳಿದ್ದು ಒಂದೇ ಮಾತು: "ಹಾರೆ ಎಲ್ಲಿ ಇಡೋದು ಸಾರ್?" ಹಾರೆಯ ತುದಿ ಇಡಲು ಒಂದು ಇಂಚೂ ಜಾಗ ಬಿಟ್ಟಿರಲಿಲ್ಲ ನಾನು. ಮರುದಿನ ಡ್ರಾಯಿಂಗ್ ತೆಗೆದು, ಹಲ್ಲಿನ ಹಿಂಬದಿಗೆ ಬೆರಳಗಲದ ಒಂದು ಕಚ್ಚು ಸೇರಿಸಿದೆ.

ನಮಸ್ಕಾರ.