ಹಿಟ್ಟಿನ ಹುಂಜದ ಕೂಗು: ಒಂದು ವೈಕಿಂಗ್ ಚಿತ್ರಕಾದಂಬರಿ ಮತ್ತು ಅದರ ಓದುಗರು

ಮಾನ್ಯ ಅಧ್ಯಕ್ಷರೇ, ಓದುಗ ಮಿತ್ರರೇ,

ಕಳೆದ ತಿಂಗಳ ಕೂಟದಲ್ಲಿ ‘ವಿನ್‌ಲ್ಯಾಂಡ್ ಸಾಗಾ’ ಎಂಬ ಜಪಾನಿ ಚಿತ್ರಕಾದಂಬರಿಯ ಬಗ್ಗೆ ನಿಮ್ಮ ನಿಮ್ಮ ಅಭಿಪ್ರಾಯವನ್ನು ಒಂದೊಂದು ಚೀಟಿಯಲ್ಲಿ ಬರೆದುಕೊಡಿ ಎಂದು ಕೇಳಿದ ತಪ್ಪಿಗೆ, ಆ ಚೀಟಿಗಳಿಗೆಲ್ಲ ಉತ್ತರ ಹೇಳುವ ಹೊಣೆಯೂ ನನ್ನ ತಲೆಗೇ ಬಂದಿದೆ. ಒಂದು ಚೀಟಿಯಲ್ಲಿ ‘ರಕ್ತ ಹೆಚ್ಚಾಯಿತು’ ಎಂದಿದೆ. ಇನ್ನೊಂದರಲ್ಲಿ ‘ಐದನೆಯ ಸಂಪುಟದಿಂದ ರಕ್ತವೇ ಇಲ್ಲ, ದುಡ್ಡು ದಂಡ’ ಎಂದಿದೆ. ಎರಡೂ ಒಂದೇ ಕೈಯ ಬರವಣಿಗೆ ಎಂದು ನನಗೆ ಬಲವಾದ ಗುಮಾನಿಯಿದೆ. ಹಾಗಿದ್ದರೆ ಆ ಓದುಗರಿಗೆ ನನ್ನ ವಿಶೇಷ ನಮಸ್ಕಾರ, ಏಕೆಂದರೆ ಇವತ್ತು ನಾನು ಹೇಳಬೇಕೆಂದು ಬಂದಿರುವುದೆಲ್ಲ ಆ ಎರಡು ಸಾಲುಗಳ ನಡುವೆಯೇ ಇದೆ.

ಕಥೆಯನ್ನು ಮೊದಲಿನಿಂದ ಹೇಳುವ ಅಗತ್ಯ ಈ ಸಭೆಗಿಲ್ಲ. ಮಕೊಟೊ ಯುಕಿಮುರಾ ಇದನ್ನು 2005ರಲ್ಲಿ ಜಪಾನಿನ ಹುಡುಗರ ವಾರಪತ್ರಿಕೆಯೊಂದರಲ್ಲಿ ಆರಂಭಿಸಿದರು. ಅದೇ ವರ್ಷ ವಯಸ್ಕರ ಮಾಸಪತ್ರಿಕೆಯೊಂದಕ್ಕೆ ಸಾಗಿಸಿಕೊಂಡರು. 2025ರ ಜುಲೈಯಲ್ಲಿ ಮುಗಿಸಿದರು. ತಂದೆಯನ್ನು ಕೊಲ್ಲಿಸಿದ ಅಸ್ಕೆಲಾಡ್‌ನ ವೈಕಿಂಗ್ ದಂಡಿನಲ್ಲೇ, ಅಂದರೆ ಸಾವಿರ ವರ್ಷದ ಹಿಂದೆ ಹಡಗೇರಿ ಬಂದು ಊರು ದೋಚುತ್ತಿದ್ದ ಉತ್ತರ ಯುರೋಪಿನವರ ನಡುವೆಯೇ, ಇದ್ದುಕೊಂಡು, ಅವನೊಡನೆ ದ್ವಂದ್ವಯುದ್ಧದ ಅವಕಾಶ ಸಿಗಲೆಂದು ಅವನ ಪರವಾಗಿಯೇ ಊರೂರುಗಳಲ್ಲಿ ಕತ್ತು ಕೊಯ್ಯುತ್ತ ಬೆಳೆಯುವ ಥಾರ್ಫಿನ್ ಎಂಬ ಐಸ್‌ಲ್ಯಾಂಡಿನ ಹುಡುಗನನ್ನು ನೀವೆಲ್ಲ ಬಲ್ಲಿರಿ. ನಾನು ಅವನನ್ನು ಕಂಡುಕೊಂಡ ಬಗೆ ಮಾತ್ರ ಸ್ವಲ್ಪ ವಿಚಿತ್ರವಾದದ್ದು. ಅದನ್ನು ಹೇಳದೆ ಮುಂದೆ ಹೋಗುವುದು ನನ್ನಿಂದಾಗದು.

ನನ್ನ ಅಕ್ಕನ ಮಗ ಎಂಜಿನಿಯರಿಂಗ್ ಓದುತ್ತಿದ್ದಾಗ ಒಂದು ಬೇಸಿಗೆ ರಜೆಗೆ ನಮ್ಮ ಮನೆಗೆ ಬಂದಿದ್ದ. ಅವನ ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ಈ ಪುಸ್ತಕ ಹೊರಬಂತು. ಮಧ್ಯಾಹ್ನದ ಊಟವಾದ ಮೇಲೆ ಅವನು ಮಲಗಿದ್ದಾಗ ನಾನು ಅದನ್ನು ಕೈಗೆತ್ತಿಕೊಂಡು, ಅರುವತ್ತು ವರ್ಷಗಳ ಅಭ್ಯಾಸದಂತೆ ಎಡಗಡೆಯ ರಟ್ಟನ್ನು ತೆರೆದು ಓದತೊಡಗಿದೆ. ಮಾತುಗಳ ಸಂಬಂಧ ಅಷ್ಟಾಗಿ ಕೂಡಿಬರುತ್ತಿರಲಿಲ್ಲ, ನಿಜ. ಆದರೆ ಚಿತ್ರಗಳು ನನ್ನನ್ನು ಹಿಡಿದುಬಿಟ್ಟವು. ಹೆಣಗಳು ಬಿದ್ದಿದ್ದವು, ಪುಟ ತಿರುಗಿಸಿದರೆ ಹೆಣಗಳು ಎದ್ದು ನಿಂತವು. ಎದೆಯಲ್ಲಿ ನಾಟಿದ್ದ ಈಟಿ ಹೊರಬಂದು, ಎಸೆದವನ ಕೈಗೆ ಮರಳಿತು. ಸುಟ್ಟುಹೋಗಿದ್ದ ಊರು ತನ್ನ ಹೊಗೆಯನ್ನು ತಾನೇ ನುಂಗಿಕೊಂಡು ಮತ್ತೆ ಊರಾಯಿತು, ಮನೆಯೊಳಗೆ ಜನ ಗಂಜಿ ಕುಡಿಯುತ್ತ ಕೂತರು. ಕಣ್ಣು ಒದ್ದೆಯಾಗುವಷ್ಟು ಮೆಚ್ಚಿಕೊಂಡ ನಾನು ರಾತ್ರಿ ಊಟಕ್ಕೆ ಕೂತಾಗ, ‘ಜಪಾನಿನವರು ಎಂಥ ಕಲ್ಪನೆ ಮಾಡಿದ್ದಾರಪ್ಪ, ಸತ್ತವರನ್ನೆಲ್ಲ ಒಬ್ಬೊಬ್ಬರನ್ನಾಗಿ ಬದುಕಿಸಿಬಿಟ್ಟಿದ್ದಾರಲ್ಲ’ ಎಂದೆ. ಹುಡುಗನ ಮೂಗಿನಿಂದ ಮಜ್ಜಿಗೆ ಹೊರಬಂತು. ‘ಮಾವ, ಅದನ್ನ ಬಲಗಡೆಯಿಂದ ಓದಬೇಕು. ನೀವು ಹಿಂದುಮುಂದಾಗಿ ಓದಿದ್ದೀರ’ ಎಂದ. ನನ್ನ ಹೆಂಡತಿ ಈ ಪ್ರಸಂಗವನ್ನು ಬಂಧುಬಳಗದ ಮೂರು ಮದುವೆಗಳಲ್ಲಿ ಹೇಳಿದ್ದಾಳೆ.

ಆ ರಾತ್ರಿಯೇ ಬಲಗಡೆಯಿಂದ ಓದಿದೆ. ಸರಿಯಾದ ದಿಕ್ಕಿನಲ್ಲಿ ಓದಿದರೆ ಯಾರೂ ಏಳುವುದಿಲ್ಲ. ಆದರೆ ಎದ್ದು ಕೂತು ಗಂಜಿ ಕುಡಿದವರನ್ನು ನಾನು ಮೊದಲೇ ನೋಡಿಬಿಟ್ಟಿದ್ದೆನಾದ್ದರಿಂದ, ಅವರು ಬೀಳುವ ಹೊತ್ತಿಗೆ ಒಬ್ಬೊಬ್ಬರೂ ನನಗೆ ಪರಿಚಯದವರಾಗಿದ್ದರು. ‘ರಕ್ತ ಹೆಚ್ಚಾಯಿತು’ ಎಂಬ ಚೀಟಿಯನ್ನು ನೋಡಿದಾಗಲೆಲ್ಲ ನನಗೆ ಆ ಗಂಜಿಯ ಬಟ್ಟಲು ನೆನಪಾಗುತ್ತದೆ. ರನ್ನನ ದುರ್ಯೋಧನನು ಹೆಣಗಳ ರಾಶಿಯ ನಡುವೆ ದಾರಿ ಹುಡುಕುತ್ತ ನಡೆಯುವುದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದವರು ನಾವು. ರಕ್ತದ ಅಳತೆ ನಮ್ಮನ್ನು ಹೆದರಿಸಬಾರದು.

ಕನ್ನಡದ ಓದುಗರಿಗೆ ಈ ಚರ್ಚೆ ಹೊಸದೇನಲ್ಲ. ಜನ್ನನು 1209ರಲ್ಲಿ ‘ಯಶೋಧರ ಚರಿತೆ’ಯನ್ನು ಮುಗಿಸಿದಾಗಲೇ ಇದನ್ನು ಎತ್ತಿಕೊಂಡಿದ್ದ. ಜೀವಬಲಿ ಒಲ್ಲೆನೆಂದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ಹಿಟ್ಟು ತಾನೆ, ಏನಾಯಿತು ಎಂದು ಅವನೂ ಅಂದುಕೊಂಡಿರಬೇಕು. ಆ ಹುಂಜ ಕೂಗುತ್ತದೆ. ಮುಂದೆ ಜನ್ಮಜನ್ಮಾಂತರಗಳಲ್ಲಿ ತಾಯಿಯೂ ಮಗನೂ ಪಡುವ ಪಾಡೆಲ್ಲ ಆ ಒಂದು ಏಟಿನ ಫಲ. ಚಿತ್ರಕಾದಂಬರಿಯ ಪುಟದಲ್ಲಿ ಹರಿಯುವುದು ರಕ್ತವಲ್ಲ, ಮಸಿ. ಅದೂ ಹಿಟ್ಟಿನ ಹುಂಜವೇ. ಆದ್ದರಿಂದ ನಾನು ಒಂದೊಂದು ಚೀಟಿಗೂ ಕೇಳುವುದು ಒಂದೇ: ಹುಂಜ ಕೂಗಿತೇ, ಇಲ್ಲವೇ?

ಯುಕಿಮುರಾ ಅದನ್ನು ಕೂಗಿಸುವ ಜಾಗವೊಂದನ್ನು ಹತ್ತಿರದಿಂದ ನೋಡೋಣ. ಚಳಿಗಾಲ, ಮಂಜು, ಇಂಗ್ಲೆಂಡಿನ ಒಂದು ಪುಟ್ಟ ಹಳ್ಳಿ. ಡೆನ್ಮಾರ್ಕಿನ ರಾಜ ಸ್ವೇನ್‌ನ ಮಗ ಕ್ನೂಟ್ ರಾಜಕುಮಾರನನ್ನು ಕರೆದುಕೊಂಡು ಹೊರಟಿರುವ ಅಸ್ಕೆಲಾಡ್‌ನ ದಂಡಿಗೆ ಆಹಾರ ಬೇಕಾಗಿದೆ. ತಾವು ಇಲ್ಲಿದ್ದೇವೆಂಬ ಸುದ್ದಿ ಹೊರಗೆ ಹೋಗಕೂಡದು. ಹಾಗಾಗಿ ಊರಿನವರನ್ನೆಲ್ಲ ಮುಗಿಸುತ್ತಾರೆ. ಇದನ್ನು ಅವರು ಉಗ್ರಾಣದ ಲೆಕ್ಕ ಹಾಕಿದಂತೆ, ಸಿಟ್ಟಿಲ್ಲದೆ ಮಾಡುತ್ತಾರೆ. ಕಥೆಗಾರ ಮಾತ್ರ ನಮ್ಮನ್ನು ಅವರ ಜೊತೆ ನಿಲ್ಲಿಸುವುದಿಲ್ಲ. ಊರಾಚೆಯ ಮರದ ಪೊಟರೆಯೊಂದರ ಬಳಿಗೆ ಕರೆದೊಯ್ಯುತ್ತಾನೆ. ಅಲ್ಲಿ ಒಬ್ಬ ಹುಡುಗಿ, ಸಂತೆಯಲ್ಲಿ ಕದ್ದ ಉಂಗುರವೊಂದನ್ನು ಯಾರೂ ಕಾಣದಂತೆ ಬೆರಳಿಗೆ ತೊಟ್ಟು ನೋಡುತ್ತಿದ್ದಾಳೆ. ಕದ್ದದ್ದಕ್ಕೆ ದೇವರು ತನ್ನನ್ನು ನರಕಕ್ಕೆ ಹಾಕುತ್ತಾನೆಂಬುದು ಅವಳ ಭಯ. ಅವಳ ಅಪ್ಪ, ಅಮ್ಮ, ಒಡಹುಟ್ಟಿದವರು ಎಲ್ಲರೂ ಸಾಯುವುದನ್ನು ನಾವು ನೋಡುವುದು, ಒಂದು ಉಂಗುರದ ಪಾಪಕ್ಕೆ ನಡುಗುತ್ತಿರುವ ಆ ಮಗುವಿನ ಕಣ್ಣಿನಿಂದ. ಇಷ್ಟು ಜನರನ್ನು ಕೊಂದವರಿಗೆ ಯಾವ ಭಯವೂ ಇಲ್ಲ. ಕೊಲೆಯ ಪುಟಕ್ಕೂ ಉಂಗುರದ ಪುಟಕ್ಕೂ ಆತ ಬಳಸಿರುವ ಮಸಿ ಒಂದೇ. ನನಗೆ ಎರಡನೆಯದೇ ಹೆಚ್ಚು ಕಪ್ಪಾಗಿ ಕಂಡಿತು.

ಇನ್ನು ‘ದುಡ್ಡು ದಂಡ’ದ ಚೀಟಿ. ಮೊದಲ ಎಂಟು ಸಂಪುಟಗಳ ಕಥೆ, ಇಂಗ್ಲಿಷಿನ ದಪ್ಪ ಆವೃತ್ತಿಯಲ್ಲಿ ನಾಲ್ಕು, ಸ್ವೇನ್ ರಾಜನ ಕೊಲೆ ಮತ್ತು ಅಸ್ಕೆಲಾಡ್‌ನ ಸಾವಿಗೆ ಬಂದು ನಿಂತಾಗ, ಕಥೆಗಾರ ಅಲ್ಲಿಯವರೆಗಿನದೆಲ್ಲ ಪೀಠಿಕೆ ಎಂದುಬಿಡುತ್ತಾನೆ. ಸ್ವೇನ್ 1014ರ ಫೆಬ್ರವರಿಯಲ್ಲಿ ಸತ್ತದ್ದು ಗೇನ್ಸ್‌ಬರೋದಲ್ಲಿ, ಕಥೆಯಲ್ಲಿರುವಂತೆ ಯಾರ್ಕ್‌ನಲ್ಲಿ ಅಲ್ಲ ಎಂದು ಒಬ್ಬರು ಬರೆದಿದ್ದಾರೆ. ಒಪ್ಪಿದೆ, ಮುಂದೆ ಹೋಗೋಣ. ಸೇಡಿಗೆಂದೇ ಬದುಕಿದ್ದ ಥಾರ್ಫಿನ್‌ಗೆ ಸೇಡು ತೀರಿಸಿಕೊಳ್ಳಲು ಯಾರೂ ಉಳಿಯುವುದಿಲ್ಲ. ಅವನು ಗುಲಾಮನಾಗಿ ಮಾರಾಟವಾಗಿ ಡೆನ್ಮಾರ್ಕಿನಲ್ಲಿ ಕೆಟಿಲ್ ಎಂಬ ಜಮೀನುದಾರನ ಹೊಲಕ್ಕೆ ಬೀಳುತ್ತಾನೆ. ಐನಾರ್ ಎಂಬ ಇನ್ನೊಬ್ಬ ಗುಲಾಮನೊಡನೆ ಕಾಡು ಕಡಿದು, ಬೊಡ್ಡೆ ಕಿತ್ತು, ಗೋಧಿ ಬೆಳೆದು, ಅದರ ಹಣದಿಂದ ತನ್ನನ್ನು ತಾನೇ ಕೊಂಡುಕೊಳ್ಳಬೇಕು. ಎಷ್ಟೋ ಪುಟಗಳವರೆಗೆ ನಡೆಯುವುದು ಇಷ್ಟೇ. ಓದುಗರು ಇದಕ್ಕೆ ‘ಫಾರ್ಮ್‌ಲ್ಯಾಂಡ್ ಸಾಗಾ’ ಎಂದು ಅಡ್ಡಹೆಸರಿಟ್ಟರು. ನನ್ನ ಅಳಿಯನಂತೂ, ‘ವೈಕಿಂಗ್ ಅಂತ ಆಸೆ ತೋರಿಸಿ ಬೇಸಾಯ ಓದಿಸ್ತಾರೆ ಮಾವ, ಇದು ಮೋಸ’ ಎಂದು ಐದನೆಯ ಸಂಪುಟವನ್ನು ನಡುವೆಯೇ ಬಿಟ್ಟು ಹೊರಟುಹೋದ.

ಮೋಸವೆಂಬ ಮಾತನ್ನು ನಾನು ಬಹಳ ದಿನ ಯೋಚಿಸಿದ್ದೇನೆ. ಮರ ಉರುಳಿಸುವುದು ಒಂದು ದಿನದ ಕೆಲಸ, ಬೊಡ್ಡೆ ಕೀಳುವುದು ತಿಂಗಳ ಕೆಲಸ ಎಂದು ಹೊಲ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಪೀಠಿಕೆಯಲ್ಲಿ ಥಾರ್ಫಿನ್ ಮನುಷ್ಯರನ್ನು ಉರುಳಿಸಿದ್ದು ಒಂದೊಂದು ಚೌಕದಲ್ಲಿ. ಇಲ್ಲಿ ಒಂದು ಬೊಡ್ಡೆಗೆ ಪುಟಗಟ್ಟಲೆ ಬೇಕು, ಎಳೆಯಲು ಎರವಲು ಕುದುರೆ ಬೇಕು. ಕಥೆಯ ಕಾಲವೇ ಬೇರೆಯಾಗಿಬಿಡುತ್ತದೆ, ಓದುಗನಿಗೆ ಬೇಸರವಾಗುತ್ತದೆ, ಆಗಲೇಬೇಕು. ಆ ಬೇಸರದ ನಡುವೆ ಒಂದು ರಾತ್ರಿ ಅವನಿಗೆ ಕನಸು ಬೀಳುತ್ತದೆ. ಸತ್ತವರು ಕೊನೆಯಿಲ್ಲದೆ ಕಾದಾಡುತ್ತಿರುವ ಲೋಕ. ಅದರೊಳಗಿಂದ ಅವನು ಕೊಂದವರು ಮುಖ ಹೊತ್ತು ಬಂದು ಅವನ ಕಾಲು ಹಿಡಿದು ಎಳೆಯುತ್ತಾರೆ. ಪೀಠಿಕೆಯಲ್ಲಿ ನಾವು ಕುರ್ಚಿಯ ತುದಿಗೆ ಬಂದು ಕೂತು ಆಸ್ವಾದಿಸಿದ ಏಟುಗಳೆಲ್ಲ ಲೆಕ್ಕ ಕೇಳಲು ಬಂದಿರುತ್ತವೆ. ಕೂಗು ಕೇಳಿಸಲು ಸದ್ದು ಅಡಗಬೇಕಿತ್ತು, ಅದಕ್ಕೇ ಹೊಲ. ‘ರಕ್ತ ಹೆಚ್ಚಾಯಿತು’, ‘ರಕ್ತವಿಲ್ಲ’ ಎಂದು ಎರಡೂ ಬರೆದ ಆ ಒಬ್ಬ ಓದುಗರಲ್ಲಿ ಈ ಪುಸ್ತಕ ಸರಿಯಾಗಿಯೇ ಕೆಲಸ ಮಾಡಿದೆ ಎಂದು ನಾನು ಹೇಳುವುದು ಇದಕ್ಕಾಗಿ.

ಆ ಭಾಗದ ಕೊನೆಗೆ ಬರುವ ನೂರು ಏಟುಗಳ ಬಗ್ಗೆ ಅತಿ ಹೆಚ್ಚು ಜಗಳವಿದೆ. ಈಗ ರಾಜನಾಗಿ, ಕೆಟಿಲ್‌ನ ಹೊಲವನ್ನು ಕಸಿಯಲು ಬಂದಿರುವ ಕ್ನೂಟ್‌ನೊಡನೆ ಎರಡು ಮಾತಾಡಬೇಕೆಂದು ಥಾರ್ಫಿನ್ ಹೋಗುತ್ತಾನೆ. ನೂರು ಏಟು ತಿಂದು ನಿಂತರೆ ಬಿಡುತ್ತೇವೆಂದು ಕಾವಲಿನವರು ನಗುತ್ತಾರೆ. ಅವನು ತಿನ್ನುತ್ತಾನೆ, ಕೈ ಎತ್ತುವುದಿಲ್ಲ. ಏಕೆಂದು ಕೇಳಿದರೆ ತನಗೆ ಶತ್ರುಗಳಿಲ್ಲ ಎನ್ನುತ್ತಾನೆ. ಯಾರಿಗೂ ಶತ್ರುಗಳಿಲ್ಲವೆಂದು ಅವನ ತಂದೆ ಥಾರ್ಸ್ ಹಿಂದೆ ಹೇಳಿದ್ದರ ಪಡಿನುಡಿ ಅದು. ‘ಇದು ಇಪ್ಪತ್ತೊಂದನೆಯ ಶತಮಾನದ ಶಾಂತಿಮಂತ್ರವನ್ನು ಹನ್ನೊಂದನೆಯ ಶತಮಾನದವನ ಬಾಯಿಗೆ ತುರುಕಿದ್ದು’ ಎಂದು ಚೀಟಿಯೊಂದು ದಬಾಯಿಸಿದೆ. ಮಾತು ಹೊಸ ಕಾಲದ್ದು, ಅಲ್ಲವೆನ್ನುವುದಿಲ್ಲ. ಅಳುಕು ಮಾತ್ರ ಹಳೆಯದು. ಹದಿಮೂರನೆಯ ಶತಮಾನದಲ್ಲಿ ಐಸ್‌ಲ್ಯಾಂಡಿನಲ್ಲಿ ಬರೆದ ‘ನ್ಯಾಲನ ಸಾಗಾ’ ಎಂಬ ಹಳೆಯ ಗದ್ಯಕಥನದಲ್ಲಿ ಗುನ್ನಾರ್ ಎಂಬ ವೀರಾಗ್ರಣಿ ಹಲವರನ್ನು ಕೊಂದು ಬಂದು, ಕೊಲ್ಲುವುದು ಉಳಿದವರಿಗಿಂತ ತನಗೆ ಹೆಚ್ಚು ಕಷ್ಟವಾಗುತ್ತದಲ್ಲ, ತಾನು ಉಳಿದವರಿಗಿಂತ ಗಂಡಸುತನದಲ್ಲಿ ಕಡಿಮೆಯೇ ಎಂದು ಸಂಶಯಪಡುತ್ತಾನೆ. ಒಂದೇ ಮಾತು, ಅದಕ್ಕೆ ಯಾರೂ ಉತ್ತರ ಕೊಡುವುದಿಲ್ಲ, ಕಥೆ ಮುಂದಿನ ಕೊಲೆಗೆ ಹೋಗುತ್ತದೆ. ಜಪಾನಿನ ಈ ಲೇಖಕ ಇಪ್ಪತ್ತು ವರ್ಷ ಕೂತು ಆ ಒಂದು ಮಾತಿಗೆ ಉತ್ತರ ಬರೆದನೆಂದು ನಾನು ಓದಿಕೊಂಡಿದ್ದೇನೆ.

ಎಲ್ಲವನ್ನೂ ಸಮರ್ಥಿಸಲು ನಾನು ಅವರ ವಕೀಲನಲ್ಲ. ಹುಂಜ ಕೂಗದ ಜಾಗಗಳೂ ಇವೆ, ಅವುಗಳಲ್ಲಿ ದೊಡ್ಡದು ಥಾರ್ಕೆಲ್. ಒಂದೇ ಈಟಿಯಲ್ಲಿ ಹಲವರನ್ನು ಪೋಣಿಸುವ, ಯುದ್ಧವೆಂದರೆ ಜಾತ್ರೆಗೆ ಹೊರಟ ಹುಡುಗನಂತೆ ಕುಣಿಯುವ ಈ ದೈತ್ಯನನ್ನು ನೀವು ಅನೇಕರು ಮೆಚ್ಚಿದ್ದೀರಿ. ಅತಿಯಾಯಿತೆಂದು ಕೆಲವರು ಬೈದಿದ್ದೀರಿ. ನನ್ನ ಸಿಟ್ಟು ಬೇರೆ. ಚರಿತ್ರೆಯ ಥಾರ್ಕೆಲ್ ಇದಕ್ಕಿಂತ ದೊಡ್ಡ ಪಾತ್ರ. 1012ರಲ್ಲಿ ಗ್ರೀನಿಚ್‌ನಲ್ಲಿ ಕುಡಿದ ಡೇನರು ಸೆರೆಯಲ್ಲಿದ್ದ ಆರ್ಚ್‌ಬಿಷಪ್ ಆಲ್ಫೆಯನ್ನು ದನದ ಮೂಳೆಗಳಿಂದ ಹೊಡೆದು ಕೊಂದರು. ತನ್ನ ಹಡಗೊಂದನ್ನು ಬಿಟ್ಟು ಉಳಿದೆಲ್ಲ ಸಂಪತ್ತನ್ನೂ ಕೊಡುತ್ತೇನೆ, ಅವನನ್ನು ಬಿಟ್ಟುಬಿಡಿ ಎಂದು ಥಾರ್ಕೆಲ್ ಬೇಡಿಕೊಂಡನೆಂದು ಆ ಕಾಲದ ಜರ್ಮನ್ ಬಿಷಪ್ ಥೀಟ್‌ಮಾರ್ ಬರೆದಿಟ್ಟಿದ್ದಾನೆ. ಯಾರೂ ಕೇಳಲಿಲ್ಲ. ಆಮೇಲೆ ಥಾರ್ಕೆಲ್ ತನ್ನ ಹಡಗುಗಳೊಂದಿಗೆ ಇಂಗ್ಲೆಂಡಿನ ರಾಜನ ಕಡೆಗೆ ಹೋದ. ‘ಹಡಗೊಂದನ್ನು ಬಿಟ್ಟು’ ಎಂಬ ಆ ಮಾತನ್ನು ಗಮನಿಸಿ. ಕರುಣೆ ಹುಟ್ಟಿದ ಗಳಿಗೆಯಲ್ಲೂ ವೈಕಿಂಗ್ ತನ್ನ ಹಡಗನ್ನು ಪಕ್ಕಕ್ಕಿಟ್ಟುಕೊಂಡು ಲೆಕ್ಕ ಹೇಳುತ್ತಾನೆ! ಇಂಥ ಮನುಷ್ಯ ಕೈಯಲ್ಲಿರುವಾಗ ಯುಕಿಮುರಾ ಅವನನ್ನು ನಗೆಯ ದೈತ್ಯನನ್ನಾಗಿ ಮಾಡಿದ್ದು ನನಗೆ ಇವತ್ತಿಗೂ ನುಂಗಲಾಗದ ತುತ್ತು. ಅವನ ಕಾಳಗಗಳಲ್ಲಿ ಹಿಟ್ಟು ಬರೀ ಹಿಟ್ಟಾಗಿಯೇ ಉಳಿಯುತ್ತದೆ.

ಅಧ್ಯಕ್ಷರು ಗಡಿಯಾರ ನೋಡಿದ್ದನ್ನು ನಾನು ನೋಡಲಿಲ್ಲವೆಂದೇ ಇಟ್ಟುಕೊಳ್ಳೋಣ. ಹಾಳೆಯಲ್ಲಿ ಇನ್ನೂ ನಾಲ್ಕು ಅಂಶಗಳಿವೆ. ಕೊಂಬಿನ ಶಿರಸ್ತ್ರಾಣದ್ದನ್ನು ಬಿಟ್ಟೆ. ಅದು ವೈಕಿಂಗರದ್ದಲ್ಲ, 1876ರ ಜರ್ಮನ್ ಸಂಗೀತನಾಟಕದ ವೇಷಭೂಷಣದಿಂದ ನಮ್ಮ ಕಣ್ಣಿಗೆ ಅಂಟಿಕೊಂಡದ್ದು ಎಂದಷ್ಟೇ ಹೇಳುತ್ತೇನೆ. ಅನಿಮೇಷನ್ ಸರಣಿಯನ್ನೂ ಬಿಟ್ಟೆ. ಹೆಣ್ಣುಪಾತ್ರಗಳ ಬಗ್ಗೆ ಬಂದ ಚೀಟಿ ಮಾತ್ರ ಬಿಡುವಂಥದ್ದಲ್ಲ: ‘ಅರ್ನೀಡ್ ಎಂಬ ಗುಲಾಮ ಹೆಂಗಸು, ಎರಡು ಗಂಡಸರು ಬುದ್ಧಿ ಕಲಿಯಲೆಂದು ಸಾಯಬೇಕಾಯಿತೇ?’ ಹೌದು, ಹಾಗೆಯೇ ಆಗಿದೆ. ತುಂಬು ಬಸುರಿಯನ್ನು ಒಡೆಯ ದೊಣ್ಣೆಯಿಂದ ಬಡಿಯುವ ಆ ಪುಟಗಳಲ್ಲಿ ಕೂಗು ಕೇಳಿಸುತ್ತದೆ, ಆದರೆ ಅದು ಅವಳದ್ದಾಗಿ ಉಳಿಯದೆ ಥಾರ್ಫಿನ್‌ನ ಕಥೆಗೆ ಸೇರಿಹೋಗುತ್ತದೆ. ಈ ಚೀಟಿಗೆ ನನ್ನಲ್ಲಿ ಉತ್ತರವಿಲ್ಲ.

ಕೊನೆಯ ಅಂಶ ವಿನ್‌ಲ್ಯಾಂಡ್, ಅಂದರೆ ಐಸ್‌ಲ್ಯಾಂಡಿನ ಹಳೆಯ ಸಾಗಾಗಳು ಹೇಳುವ, ಅಟ್ಲಾಂಟಿಕ್‌ನ ಆಚೆಯ ನೆಲ. ಕಾದಂಬರಿಯ ಅಂತ್ಯ ಹೇಳಿಬಿಟ್ಟರೆ ಓದದವರು ನನ್ನನ್ನು ಬಾಗಿಲಲ್ಲಿ ತಡೆಯುತ್ತಾರೆ. ಆದ್ದರಿಂದ ಹಳೆಯ ಸಾಗಾದಲ್ಲಿ ಇರುವುದನ್ನಷ್ಟೇ ಹೇಳುತ್ತೇನೆ. ನಿಜವಾದ ಥಾರ್ಫಿನ್ ಕಾರ್ಲ್ಸ್‌ಎಫ್ನಿ ಒಬ್ಬ ಶ್ರೀಮಂತ ವ್ಯಾಪಾರಿ. ಹೆಂಡತಿ ಗುಡ್ರಿಡ್, ಒಂದಷ್ಟು ಜನ, ದನಕರು, ಇಷ್ಟರೊಡನೆ ಪಶ್ಚಿಮದ ಆ ನೆಲಕ್ಕೆ ಹೋದ. ಅಂಥ ನೆಲೆಯೊಂದರ ಕುರುಹು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನಲ್ಲಿ 1960ರಲ್ಲಿ ಸಿಕ್ಕಿತು. ಅಲ್ಲಿಯ ಮರದ ತುಂಡುಗಳನ್ನು ಕಡಿದದ್ದು 1021ರಲ್ಲಿ ಎಂದು ಈಚೆಗೆ ಲೆಕ್ಕ ಹಾಕಿದ್ದಾರೆ. ಅಲ್ಲಿಯ ಜನ ತುಪ್ಪಳದ ಚರ್ಮ ಹೊತ್ತು ಬಂದು ಆಯುಧ ಕೇಳಿದರು. ಆಯುಧ ಮಾರಕೂಡದೆಂದು ಕಾರ್ಲ್ಸ್‌ಎಫ್ನಿ ತನ್ನವರಿಗೆ ಕಟ್ಟಪ್ಪಣೆ ಮಾಡಿ, ಹೆಂಗಸರಿಂದ ಹಾಲು ತರಿಸಿದ. ಹಾಲು ಕುಡಿದವರಿಗೆ ಬೇರೇನೂ ಬೇಡವಾಯಿತು. ತಾವು ಕೊಂಡದ್ದನ್ನು ಅವರು ಹೊಟ್ಟೆಯಲ್ಲೇ ಹೊತ್ತುಕೊಂಡು ಹೋದರು ಎಂದು ಸಾಗಾ ತುಂಟತನದಿಂದ ಹೇಳುತ್ತದೆ. ಅವರು ಮತ್ತೆ ಬಂದಾಗ ಒಬ್ಬನು ಆಯುಧಕ್ಕೆ ಕೈ ಹಾಕಿದ, ಕಾರ್ಲ್ಸ್‌ಎಫ್ನಿಯ ಆಳು ಅವನನ್ನು ಕೊಂದ, ಮುಂದೆ ಕಾಳಗವಾಯಿತು. ಕೊನೆಗೆ ಬಂದವರೆಲ್ಲ ಗಂಟುಮೂಟೆ ಕಟ್ಟಿ ಹೊರಟರು. ‘ಕಡೆಗೆ ಏನೂ ಆಗಲಿಲ್ಲವಲ್ಲ’ ಎಂದು ಬರೆದವರು ಯುಕಿಮುರಾರನ್ನು ಬೈಯುವ ಮೊದಲು ಆ ಹಾಲಿನ ಪ್ರಸಂಗವನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.

ಸಂಪುಟಗಳನ್ನು ಆ ಮೂಲೆಯ ಮೇಜಿನ ಮೇಲೆ ಜೋಡಿಸಿಟ್ಟಿದ್ದೇನೆ, ಬೇಕಾದವರು ಒಯ್ಯಬಹುದು. ಬಲಗಡೆಯಿಂದ ತೆರೆಯಿರಿ. ಐದನೆಯದರ ನಡುವೆ ಒಂದು ಬಸ್ ಟಿಕೆಟ್ ಸಿಕ್ಕಿಸಿದೆ, ದಯವಿಟ್ಟು ಅದನ್ನು ಕದಲಿಸಬೇಡಿ. ದೀಪಾವಳಿಗೆ ಬಂದಾಗ ಅಲ್ಲಿಂದ ಮುಂದೆ ಓದುತ್ತೇನೆಂದು ನನ್ನ ಅಳಿಯ ಮೊನ್ನೆ ಫೋನಿನಲ್ಲಿ ಹೇಳಿದ್ದಾನೆ.