ಸಂತ ಲಾರೆನ್ಸರ ಲೆಕ್ಕದ ಪಟ್ಟಿ

ಕೇಳುಗರಿಗೆ ನಮಸ್ಕಾರ.

ಸಂತ ಲಾರೆನ್ಸ್ ಅಂದ ಕೂಡಲೇ ಎಲ್ಲರೂ ಹೇಳುವುದು ಒಂದೇ ಮಾತು: ‘ಕಬ್ಬಿಣದ ಜಾಲರಿಯ ಮೇಲೆ ಮಲಗಿಸಿ ಸುಟ್ಟರಂತೆ’. ಸರಿ, ಚಿತ್ರಗಳಲ್ಲೂ ಅವರ ಪಕ್ಕ ಆ ಜಾಲರಿ ಇರುತ್ತದೆ. ಆದರೆ ಅದಕ್ಕೆ ಮೊದಲು ಅವರು ಏನು ಕೆಲಸ ಮಾಡುತ್ತಿದ್ದರು? ಅದನ್ನು ಯಾರೂ ಕೇಳುವುದಿಲ್ಲ. ಅವರು ಬಡವರ ದುಡ್ಡಿನ ಲೆಕ್ಕ ನೋಡುತ್ತಿದ್ದರು. ಇವತ್ತು ನೀವು ಇದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಆಗ ರೋಮಿನ ಕ್ರೈಸ್ತ ಸಭೆಯಲ್ಲಿ ಏಳು ಜನ ಡೀಕನ್ನರು, ಅಂದರೆ ಪಾದ್ರಿಗಳಿಗಿಂತ ಕೆಳಗಿನ ಹುದ್ದೆಯ ಸೇವಕರು. ಲಾರೆನ್ಸ್ ಅವರಲ್ಲೊಬ್ಬರು. ಸಭೆಯ ಹಣ, ದಾನ, ಬಡವರ ಊಟ ಎಲ್ಲ ಇವರ ಕೈಯಲ್ಲಿ. 251ರ ಸುಮಾರಿಗೆ ಪೋಪ್ ಕೊರ್ನೇಲಿಯಸ್ ಬರೆದ ಒಂದು ಪತ್ರ ಉಳಿದಿದೆ. ಅದರಲ್ಲಿ ಲೆಕ್ಕವೇ ಇದೆ: 1500ಕ್ಕೂ ಜಾಸ್ತಿ ವಿಧವೆಯರನ್ನೂ ಕಷ್ಟದಲ್ಲಿರುವವರನ್ನೂ ಸಭೆ ಸಾಕುತ್ತಿತ್ತು. ಕದ್ದುಮುಚ್ಚಿ ಬದುಕಬೇಕಾಗಿದ್ದ ಜನ ಇಷ್ಟು ಮಂದಿಗೆ ಅನ್ನ ಹಾಕುತ್ತಿದ್ದರು!

258ರಲ್ಲಿ ಚಕ್ರವರ್ತಿ ವಲೇರಿಯನ್ ಆಜ್ಞೆ ಹೊರಡಿಸಿದ. ಬಿಷಪರು, ಪಾದ್ರಿಗಳು, ಡೀಕನ್ನರು ಸಿಕ್ಕಿದರೆ ಕೊಲ್ಲಿ ಅಂತ. ಆಗಸ್ಟ್ 6ರಂದು ಪೋಪ್ ಸಿಕ್ಸ್ಟಸರನ್ನು ಸಮಾಧಿ ಸ್ಥಳದಲ್ಲೇ ಹಿಡಿದು ಕೊಂದರು. ಉಳಿದದ್ದು ಲಾರೆನ್ಸ್. ಖಜಾನೆಯ ಕೀಲಿಕೈ ಇವರ ಹತ್ತಿರ ಅಲ್ವಾ?

ನಗರಾಧಿಕಾರಿ ಕರೆಸಿದ. ‘ನಿಮ್ಮಲ್ಲಿ ಬಂಗಾರದ ಬಟ್ಟಲು, ಬೆಳ್ಳಿ ಪಾತ್ರೆ ಇವೆಯಂತೆ. ತಂದು ಒಪ್ಪಿಸು’ ಅಂದ. ಲಾರೆನ್ಸ್ ಇಲ್ಲ ಅನ್ನಲಿಲ್ಲ. ‘ನಮ್ಮ ಸಭೆ ನಿಜವಾಗಿ ಸಿರಿವಂತ. ಎಣಿಸಿ ಬರೆದುಕೊಳ್ಳಬೇಕು, ಮೂರು ದಿನ ಕೊಡಿ’ ಅಂದರು. ಅವನಿಗೆ ಬಹಳ ಖುಷಿಯಾಯಿತು.

ಮುಂದಿನದನ್ನು ಕವಿ ಪ್ರುಡೆಂಟಿಯಸ್ ಕಣ್ಣಿಗೆ ಕಟ್ಟುವ ಹಾಗೆ ಹಾಡಿದ್ದಾರೆ. ಮೂರು ದಿನವೂ ಲಾರೆನ್ಸ್ ಊರೆಲ್ಲ ಓಡಾಡಿದರು. ಕೋಲಿನಿಂದ ತಡವರಿಸುತ್ತಾ ಬರುವ ಕುರುಡ. ಮಂಡಿ ಮುರಿದವನು. ಹುಣ್ಣಿನಿಂದ ಕೀವು ಸೋರುವವನು. ಕೈ ಒಣಗಿ ಹೋದವನು. ಒಬ್ಬೊಬ್ಬರ ಹೆಸರನ್ನೂ ಬರೆದುಕೊಂಡರು. ಗಮನಿಸಿ, ಹೆಸರು! ಬರೀ ತಲೆ ಎಣಿಸಲಿಲ್ಲ. ಆಮೇಲೆ ಎಲ್ಲರನ್ನೂ ದೇವಾಲಯದ ಬಾಗಿಲಲ್ಲಿ ಸಾಲಾಗಿ ನಿಲ್ಲಿಸಿ ಅಧಿಕಾರಿಯನ್ನು ಕರೆತಂದರು. ‘ಇದೇ ನಮ್ಮ ಬಂಗಾರ. ಆ ವಿಧವೆಯರು ನಮ್ಮ ಒಡವೆ. ತೆಗೆದುಕೊಳ್ಳಿ’ ಅಂದರು.

ಅವನಿಗೆ ಎಷ್ಟು ಸಿಟ್ಟು ಬಂದಿರಬೇಕು ಯೋಚಿಸಿ. ಜಾಲರಿ, ಕೆಂಡ ಎಲ್ಲ ಆಮೇಲಿನದು. ಆಗಸ್ಟ್ 10ರಂದು ಅವರು ಪ್ರಾಣ ಬಿಟ್ಟರು.

ಸಮಯ ಕಡಿಮೆ ಇದೆ, ಬೇಗ ಹೇಳಿಬಿಡುತ್ತೇನೆ. ಅವರ ಸಮಾಧಿಯ ಹತ್ತಿರ ಚಕ್ರವರ್ತಿ ಕಾನ್‌ಸ್ಟಂಟೈನ್ ದೇವಾಲಯ ಕಟ್ಟಿಸಿದ. ರೋಮಿನಲ್ಲಿ ಇಂದಿಗೂ ಅಲ್ಲಿ ಬಸಿಲಿಕ, ಅಂದರೆ ವಿಶೇಷ ಗೌರವದ ದೇವಾಲಯ, ಇದೆ. ಆಗಸ್ಟಿನಲ್ಲಿ ಉದುರುವ ಉಲ್ಕೆಗಳನ್ನು ಇಟಲಿಯವರು ಲಾರೆನ್ಸರ ಕಣ್ಣೀರು ಅನ್ನುತ್ತಾರೆ. ಅಡುಗೆಯವರಿಗೂ ಇವರೇ ಪಾಲಕ ಸಂತ.

ನಮ್ಮಲ್ಲಿ ಕಾರ್ಕಳದ ಅತ್ತೂರಿನಲ್ಲಿ ಸಂತ ಲಾರೆನ್ಸರ ದೇವಾಲಯ ಇದೆ. 2016ರಲ್ಲಿ ಅದಕ್ಕೂ ಬಸಿಲಿಕ ಪದವಿ ಸಿಕ್ಕಿತು. ಜನವರಿಯ ಸಾಂತ್‌ಮಾರಿ ಜಾತ್ರೆಗೆ ಜಾತಿ ಮತ ನೋಡದೆ ಜನ ಬರುತ್ತಾರೆ, ಮೇಣದ ಬತ್ತಿ ಹಚ್ಚುತ್ತಾರೆ, ಹರಕೆ ಒಪ್ಪಿಸುತ್ತಾರೆ. ನೀವೂ ಹೋಗಿ. ಬತ್ತಿ ಹಚ್ಚಿ ಬರುವಾಗ ದಾರಿಬದಿಯಲ್ಲಿ ಕೈ ಚಾಚಿ ಕೂತವರು ಸಿಗಬಹುದು. ಲಾರೆನ್ಸರ ಹಾಗೆ, ಒಬ್ಬರದ್ದಾದರೂ ಹೆಸರು ಕೇಳಿ ಬನ್ನಿ.

ನಮಸ್ಕಾರ.